ಅಣ್ಣಾ, ಲಾಸ್ಟ್ ಎಷ್ಟು?

ರಾತ್ರಿ ಹನ್ನೊಂದೂವರೆಗೆ ಮೊಬೈಲ್ ಟಿಣ್ ಅಂದಿತು. 'ಅಣ್ಣಾ, ಸ್ಟ್ರಟ್ ಬಾರ್ ಉಂಟಾ?' ಉಂಟು ಎಂದು ಉತ್ತರಿಸಿದೆ. ಮರುಕ್ಷಣವೇ ಇನ್ನೊಂದು ಮೆಸೇಜ್: 'ಲಾಸ್ಟ್ ಎಷ್ಟು?' ನಾನಿನ್ನೂ ಫಸ್ಟ್ ಎಷ್ಟು ಅಂತಲೇ ಹೇಳಿರಲಿಲ್ಲ. 2024ರಲ್ಲಿ ಎರಡು ತಿಂಗಳು ನನ್ನ ಬದುಕು ಈ ಒಂದು ಪ್ರಶ್ನೆಯ ಸುತ್ತವೇ ತಿರುಗಿತ್ತು ನೋಡಿ.

ನನ್ನದೊಂದು ಮಾರುತಿ ಎಸ್ಟೀಮ್. 2004ರ ಅಕ್ಟೋಬರ್‌ನಲ್ಲಿ ನೋಂದಣಿಯಾದದ್ದು. 'ಅಜ್ಜನ ಕಾರು' ಎಂದು ನಗುವವರೇ ಹೆಚ್ಚು. ಆದರೆ ಕಾರಿನ ಹುಚ್ಚು ಇರುವವರ ಮುಂದೆ ಎಸ್ಟೀಮ್ ಎಂದು ಹೇಳಿ ನೋಡಿ, ಮುಖದ ಬಣ್ಣವೇ ಬದಲಾಗುತ್ತದೆ. 1298 ಸಿ.ಸಿ. ಎಂಜಿನ್, 85 ಅಶ್ವಶಕ್ತಿ, ತೂಕ 900 ಕಿಲೋಗಿಂತ ಕಡಿಮೆ. ತೂಕ ಕಡಿಮೆ ಇದ್ದು ಎಂಜಿನ್‌ಗೆ ಉಸಿರು ಚೆನ್ನಾಗಿದ್ದರೆ ಹಳೆ ಕಾರೂ ಹೊಸ ಕಾರಿನ ಬೆನ್ನು ಬಿಡುವುದಿಲ್ಲ. ಅದೇ ಜಾತಿಯ ಎಂಜಿನ್ ಜಿಪ್ಸಿ ಕಿಂಗ್‌ನಲ್ಲೂ ಇತ್ತು. ಹಾಗಾಗಿ ಎಸ್ಟೀಮ್ ತಯಾರಿಕೆ ನಿಂತು ಇಷ್ಟು ವರ್ಷವಾದರೂ ಎಂಜಿನ್‌ನ ಬಿಡಿಭಾಗಗಳಿಗೆ ಬರ ಬಂದಿಲ್ಲ. ದೇಶದ ರ‍್ಯಾಲಿಗಳಲ್ಲಿ ಎಷ್ಟೋ ಹುಡುಗರು ಕೈ ಪಳಗಿಸಿಕೊಂಡದ್ದು ಇದೇ ಕಾರಿನಲ್ಲಿ.

ನಮ್ಮ ಊರಿನ ಹುಡುಗರಿಗೆ ಈ ಹುಚ್ಚು ಎಲ್ಲಿಂದ ಅಂಟಿತು ಎಂದು ಕೇಳಬೇಡಿ. ಡೀನ್ ಮಸ್ಕರೇನ್ಹಸ್, ಅರ್ಜುನ್ ರಾವ್ ಆರೂರು ಅವರಂಥ ರ‍್ಯಾಲಿ ಚಾಲಕರು ಇದ್ದ ಊರು ಇದು. ಇಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಕಾಸರಗೋಡು ಜಿಲ್ಲೆಯ ಮೊಗ್ರಾಲು. ಗೌರವ್ ಗಿಲ್ ಪಕ್ಕದಲ್ಲಿ ನ್ಯಾವಿಗೇಟರ್ ಆಗಿ ಕುಳಿತು ರಾಷ್ಟ್ರೀಯ ರ‍್ಯಾಲಿ ಗೆದ್ದ ಮೂಸಾ ಶರೀಫ್ ಆ ಊರಿನವರು. ಮೋಟಾರು ಕ್ರೀಡೆಗೆ ಮೊದಲ ಅರ್ಜುನ ಪ್ರಶಸ್ತಿ ಬಂದದ್ದು 2019ರಲ್ಲಿ, ಅದೇ ಗಿಲ್ ಅವರಿಗೆ. ಘಾಟಿ ಹತ್ತಿದರೆ ಚಿಕ್ಕಮಗಳೂರು, ಅಲ್ಲಿನ ಕಾಫಿ ತೋಟಗಳ ಮಣ್ಣಿನ ರಸ್ತೆಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತು ನಡೆಯುತ್ತಿತ್ತು. ಪಿಯುಸಿಯಲ್ಲಿದ್ದಾಗ ಬೆಳಗಿನ ಜಾವದ ಬಸ್ಸು ಹಿಡಿದು ಹೋಗಿ, ಕಾಫಿ ಗಿಡದ ಮರೆಯಲ್ಲಿ ನಿಂತು, ಕಣ್ಣಿಗೆ ಕೆಂಪು ಧೂಳು ತುಂಬಿಸಿಕೊಂಡು ಬಂದವ ನಾನು. ಅಮ್ಮನಿಗೆ ಹೇಳಿದ್ದು ಶೃಂಗೇರಿಗೆ ಎಂದು.

ಕಾರು ತೆಗೆದುಕೊಂಡದ್ದು 2021ರ ಜನವರಿಯಲ್ಲಿ, 70 ಸಾವಿರಕ್ಕೆ. ಕಾರಿಗಿಂತ ಹೆಚ್ಚು ಖರ್ಚು ಆಮೇಲಿನದು. ಕುಣಿದಾಡದ ಸ್ಪ್ರಿಂಗು, ಗ್ಯಾಸ್ ಶಾಕ್ ಅಬ್ಸಾರ್ಬರ್ 32 ಸಾವಿರ. 14 ಇಂಚಿನ ಅಲಾಯ್ ಚಕ್ರ, ಟೈರ್ ಸೇರಿ 34 ಸಾವಿರ. ಸ್ಟೀಲಿನ ಹೆಡರ್ಸ್ ಮತ್ತು ಸೈಲೆನ್ಸರ್ 26 ಸಾವಿರ. ರೇಸಿನವರು ಕೂರುವಂಥ ಬಕೆಟ್ ಸೀಟು, ನಾಲ್ಕು ಕಡೆಯ ಬೆಲ್ಟು 21 ಸಾವಿರ. ಸಣ್ಣ ಸ್ಟೀರಿಂಗ್, ಸ್ಟ್ರಟ್ ಬಾರ್, ಕೋನ್ ಫಿಲ್ಟರ್ ಬೇರೆ. ಒಟ್ಟು 1,27,500 ರೂಪಾಯಿ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಒಟ್ಟಿಗೆ ಬರೆದು ನೋಡಿದ್ದು ಮಾರಲು ಹೊರಟಾಗಲೇ. ಕೊಳ್ಳುವಾಗ ಯಾರು ಲೆಕ್ಕ ಇಡುತ್ತಾರೆ? ಇದೆಲ್ಲ ಹಾಕಿಕೊಂಡು ನಾನು ಸಾಧಿಸಿದ್ದು ಎರಡು ಆಟೋಕ್ರಾಸ್. ಒಂದರಲ್ಲಿ ನನ್ನ ವಿಭಾಗದಲ್ಲಿ ಏಳನೆಯವ. ಇನ್ನೊಂದರಲ್ಲಿ ಎರಡನೇ ತಿರುವಿನಲ್ಲೇ ಕೋನ್‌ಗೆ ಗುದ್ದಿ ಹೊರಗೆ.

ಇವುಗಳಲ್ಲಿ ಅರ್ಧದಷ್ಟು ನಾನೂ ಸೆಕೆಂಡ್ ಹ್ಯಾಂಡ್ ಕೊಂಡದ್ದೇ. ನನ್ನ ಶಾಕ್ ಅಬ್ಸಾರ್ಬರ್‌ಗಳು ನನಗಿಂತ ಮೊದಲು ಉಡುಪಿಯ ಒಂದು ಕಾರಿನಲ್ಲಿದ್ದವು, ಅದಕ್ಕೂ ಮೊದಲು ಮಡಿಕೇರಿಯಲ್ಲಿ. ಒಬ್ಬನಿಗೆ ಮದುವೆ ಆಯಿತು, ಒಬ್ಬ ದುಬೈಗೆ ಹೋದ. ಈ ಹುಚ್ಚಿನ ಸಾಮಾನುಗಳು ಕೈ ಬದಲಾಗುವುದೇ ಹೀಗೆ, ಯಾರದೋ ಮದುವೆಗೆ, ಯಾರದೋ ಇಎಂಐಗೆ, ಯಾರದೋ ವೀಸಾಕ್ಕೆ.

ನನ್ನ ಸರದಿ ಬಂದದ್ದು 2024ರ ಜುಲೈಯಲ್ಲಿ. ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಗುತ್ತಿಗೆ ಮೇಲೆ ಇದ್ದೆ. ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಅಷ್ಟೇ. ಅದೇ ಅಕ್ಟೋಬರ್‌ಗೆ ಕಾರಿನ ಆರ್‌ಸಿ ಅವಧಿಯೂ ಮುಗಿಯುತ್ತಿತ್ತು. 15 ವರ್ಷವಾದಾಗ ಹಿಂದಿನ ಮಾಲೀಕರು ಒಮ್ಮೆ ನವೀಕರಿಸಿದ್ದರು. ಅದು ಐದು ವರ್ಷಕ್ಕೆ. ಈಗ ಮತ್ತೆ ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. 2022ರ ಏಪ್ರಿಲ್‌ನಲ್ಲಿ ಹಳೆ ಕಾರುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಜೊತೆಗೆ ವಿಮೆ. ಎಲ್ಲಕ್ಕಿಂತ ದೊಡ್ಡ ತಲೆನೋವು, ಈ ಅವತಾರದಲ್ಲಿ ಕಾರನ್ನು ಅಲ್ಲಿಗೆ ಒಯ್ಯುವ ಹಾಗೇ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಿದರು. 'ಒಂದೊಂದು ಬದಲಾವಣೆಗೆ' ಎನ್ನುವ ಮಾತನ್ನು ಗಮನಿಸಿ. ನನ್ನ ಕಾರಿನ ಮೇಲಿದ್ದದ್ದನ್ನು ಲೆಕ್ಕ ಹಾಕಿದರೆ ದಂಡವೇ ಕಾರಿನ ಅರ್ಧ ಬೆಲೆ! ಮೈದಾನದಲ್ಲಿ, ಟ್ರ್ಯಾಕಿನಲ್ಲಿ ಓಡಿಸಿದರೆ ಒಂದು ಮಾತು. ನಾನು ಅದೇ ಕಾರಿನಲ್ಲಿ ಬೋಂದೆಲ್‌ನಿಂದ ಹಂಪನಕಟ್ಟೆಗೆ ಅಮ್ಮನನ್ನು ಕೂರಿಸಿಕೊಂಡು ಹೋಗುತ್ತಿದ್ದೆ. ಸೈಲೆನ್ಸರ್ ಶಬ್ದಕ್ಕೆ ಅಮ್ಮ ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಮಗು ಎದ್ದು ಅಳುತ್ತದೆಂದು ಗೇಟಿನವರೆಗೆ ಕಾರನ್ನು ತಳ್ಳಿಕೊಂಡು ಹೋದ ದಿನಗಳೂ ಉಂಟು.

ಪುಣ್ಯಕ್ಕೆ ಕಾರಿನ ಮೂಲ ಸಾಮಾನು ಯಾವುದನ್ನೂ ನಾನು ಗುಜರಿಗೆ ಹಾಕಿರಲಿಲ್ಲ. ಹಾಕಿರಲಿಲ್ಲ ಎಂದರೆ ಸುಳ್ಳಾದೀತು, ಹಾಕಲು ಅಮ್ಮ ಬಿಟ್ಟಿರಲಿಲ್ಲ. ಸ್ಟೀಲ್ ಡಿಸ್ಕುಗಳು, ಹಳೆ ಸ್ಪ್ರಿಂಗು, ಏರ್ ಫಿಲ್ಟರ್ ಡಬ್ಬ, ಸೀಟು, ಸ್ಟೀರಿಂಗ್, ಸೈಲೆನ್ಸರ್ ಎಲ್ಲವೂ ಅಟ್ಟದ ಮೇಲೆ, ಹಳೆ ಚಾಪೆಯಲ್ಲಿ ಸುತ್ತಿಕೊಂಡು ತೆಂಗಿನಕಾಯಿ ರಾಶಿಯ ಪಕ್ಕ ಕೂತಿದ್ದವು. ಇವು ಇಲ್ಲದಿದ್ದರೆ ನಾನು ಏನನ್ನೂ ಮಾರುವಂತಿರಲಿಲ್ಲ. ಬಿಚ್ಚಿದ ಜಾಗಕ್ಕೆ ಏನಾದರೂ ಬೇಕಲ್ಲ! ಸೈಲೆನ್ಸರ್ ಪೈಪಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಒಬ್ಬ ಗುಜರಿಯವರಿಗೆ ಮೊದಲೇ ಕಣ್ಣಿತ್ತು. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಸವರಿರುತ್ತಾರೆ. ಕಿಲೋ ಲೆಕ್ಕದ ಮಾತು ಬಿಟ್ಟು 'ಪೀಸಿಗೆ ಎಷ್ಟು ಬೇಕು ಹೇಳಿ' ಎಂದು ಯಾರಾದರೂ ನಿಮ್ಮ ಹಳೆ ಸೈಲೆನ್ಸರ್ ಕೇಳಿದರೆ ಸುಮ್ಮನೆ ಕೇಳುತ್ತಿಲ್ಲ ಎಂದು ತಿಳಿಯಿರಿ. ಅದನ್ನು ಕೊಟ್ಟಿದ್ದರೆ ನನ್ನ ಕಾರು ಹೊಗೆ ತಪಾಸಣೆಯಲ್ಲೇ ಕೂತುಬಿಡುತ್ತಿತ್ತು.

ಬಿಚ್ಚುವುದು ಹೇಳಿದಷ್ಟು ಸುಲಭವಲ್ಲ. ನಮ್ಮದು ಉಪ್ಪುಗಾಳಿಯ ಊರು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ. ಬೋಲ್ಟು ಮತ್ತು ನಟ್ಟು ಒಂದೇ ಕಬ್ಬಿಣದ ಗಡ್ಡೆಯಾಗಿ ಹೋಗಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಹಾಕಿ, ಸಂಜೆ ಪಾನಾ ಹಿಡಿದು ನೇತಾಡಿದರೂ ಎರಡು ಬೋಲ್ಟು ತುಂಡಾದವು. ಕಂಕನಾಡಿಯಲ್ಲಿ ಗ್ಯಾರೇಜ್ ಇಟ್ಟಿರುವ ಬ್ಯಾರಿ ಕಾಕ ಒಬ್ಬರು ನನಗೆ ಮೊದಲಿಂದ ಗುರು. ಅವರು ಬಂದು ಗ್ಯಾಸ್ ಕಟ್ಟರಿನಿಂದ ಕಾಯಿಸಿ ಬಿಚ್ಚಿಕೊಟ್ಟರು. 'ಹಾಕುವಾಗ ನಾನು ಹೇಳಿದ್ದೆ ಮಾರಾಯ, ಗ್ರೀಸ್ ಸವರಿ ಹಾಕು ಅಂತ. ನಿಂಗೆ ಅವತ್ತು ಅರ್ಜೆಂಟ್' ಎಂದರು. ಹಣ ತೆಗೆದುಕೊಳ್ಳಲಿಲ್ಲ. ಕೋನ್ ಫಿಲ್ಟರ್ ಮೇಲೆ ಅವರ ಮಗನಿಗೆ ಕಣ್ಣಿತ್ತು, 1,200ಕ್ಕೆ ಅವನಿಗೇ ಕೊಟ್ಟೆ.

ಇನ್ನು ಗಿರಾಕಿಗಳು. ಕೊಳ್ಳುವವನೂ ಹುಚ್ಚ, ಮಾರುವವನೂ ಹುಚ್ಚ ಆದಾಗ ವ್ಯಾಪಾರ ಬೇರೆಯೇ ರೀತಿ ನಡೆಯುತ್ತದೆ. ಅಂಗಡಿಗೆ ಹೋದರೆ ಬೆಲೆ ಕೇಳುತ್ತಾರೆ, ಇಲ್ಲಿ ಜಾತಕ ಕೇಳುತ್ತಾರೆ. ಎಷ್ಟು ಕಿಲೋಮೀಟರ್ ಓಡಿದೆ, ಯಾವ ಕಾರಿನಲ್ಲಿತ್ತು, ಯಾಕೆ ಬಿಚ್ಚಿದಿರಿ? ಕಾಸರಗೋಡಿನಿಂದ ಬಂದ ಒಬ್ಬ ಹೆಡರ್ಸ್ ನೋಡುವ ಮೊದಲು ಅಂಗಿಯ ಕಿಸೆಯಿಂದ ಒಂದು ಆಯಸ್ಕಾಂತ ತೆಗೆದ, ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದು. ಪೈಪಿಗೆ ಇಟ್ಟ, ಅಂಟಲಿಲ್ಲ. 'ಹಾಂ, 304' ಎಂದ ಸಮಾಧಾನದಿಂದ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೆ 409 ಎಂಬ ಇನ್ನೊಂದು ದರ್ಜೆ ಉಂಟು, ಸೈಲೆನ್ಸರ್‌ಗೇ ಬಳಸುವಂಥದ್ದು, ಅದು ಅಂಟುತ್ತದೆ. ಹಾಗಾಗಿ ಅಂಟಿತು ಎಂದ ಮಾತ್ರಕ್ಕೆ ಸಾದಾ ಕಬ್ಬಿಣ ಎಂದು ತಳ್ಳಿಬಿಡಬೇಡಿ. ಅವನು ಅರ್ಧ ಗಂಟೆ ಪ್ರತಿ ವೆಲ್ಡಿಂಗ್ ಮೇಲೂ ಬೆರಳಾಡಿಸಿದ. ಕೊನೆಗೆ ಸೈಲೆನ್ಸರ್ ಸೇರಿ 9,500ಕ್ಕೆ ಕೊಂಡ. ಚಹಾ ಕುಡಿಯುತ್ತಾ ಮತ್ತೊಂದು ಗಂಟೆ ಮಾತಾಡಿದ. ಹೋಗುವಾಗ, 'ಬೇಜಾರು ಮಾಡ್ಬೇಡಿ, ನಿಮ್ಮ ಕಾರಿನ ಶಬ್ದ ಇನ್ನು ನಮ್ಮೂರಲ್ಲಿ ಕೇಳ್ತದೆ' ಎಂದ. ನಿಜ ಹೇಳುತ್ತೇನೆ, ಗಂಟಲು ಕಟ್ಟಿತು.

ಶಾಕ್ ಅಬ್ಸಾರ್ಬರ್ ಪರೀಕ್ಷೆಯೂ ಹಾಗೆಯೇ. ನೆಲಕ್ಕೆ ನಿಲ್ಲಿಸಿ ಸರಳನ್ನು ಪೂರ್ತಿ ಒತ್ತಿ ಬಿಡಬೇಕು. ಗ್ಯಾಸ್ ಇದ್ದರೆ ತಾನೇ ನಿಧಾನಕ್ಕೆ, ಒಂದೇ ವೇಗದಲ್ಲಿ ಮೇಲೆ ಬರುತ್ತದೆ. ನಡುವೆ ಎಲ್ಲಾದರೂ ಸಡಿಲಾಗಿ ಜಾರಿತು ಎಂದರೆ ಒಳಗಿನ ಎಣ್ಣೆ ಹೋಗಿದೆ ಎಂದರ್ಥ. ನನ್ನ ನಾಲ್ಕರಲ್ಲಿ ಒಂದಕ್ಕೆ ಸೀಲಿನ ಬಳಿ ಎಣ್ಣೆಯ ಪಸೆ ಇತ್ತು. ಅದನ್ನು ತೋರಿಸಿಯೇ ಮಾರಿದೆ. 17 ಹೇಳಿದ್ದು 14 ಸಾವಿರಕ್ಕೆ ನಿಂತಿತು. ಮೂರು ಸಾವಿರ ಹೋಯಿತಲ್ಲ ಎಂದು ಹೊಟ್ಟೆ ಉರಿದದ್ದೂ ಹೌದು. ಮುಂದೆ ಹೇಳುವ ಕತೆಗೆ ಈ ಹೊಟ್ಟೆಯುರಿಯೂ ಒಂದು ಕಾರಣ ಇರಬೇಕು.

ನಡುವೆ ಒಬ್ಬ 'ಆರ್ಮಿಯವ' ಫೋನ್ ಮಾಡಿದ. ಪಾರ್ಟ್ಸ್ ನೋಡುವುದೂ ಬೇಡ, ಚರ್ಚೆಯೂ ಬೇಡ, ಹೇಳಿದ ಬೆಲೆಗೆ ಒಪ್ಪಿಗೆ. 'ಕ್ಯೂಆರ್ ಕೋಡ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರ್ತದೆ' ಎಂದ. ಹಣ ಬರಲು ಪಿನ್ ಹಾಕಬೇಕಾಗಿಲ್ಲ, ಹೋಗಲು ಮಾತ್ರ ಬೇಕು. ಚೌಕಾಸಿ ಮಾಡದ ಗಿರಾಕಿ ಕಂಡರೆ ನಮ್ಮ ಊರಿನಲ್ಲಿ ಅನುಮಾನ ಪಡಲೇಬೇಕು ಬಿಡಿ.

ಬೇರೆ ದೇಶಗಳಲ್ಲಿ ಇದೆಲ್ಲ ದೊಡ್ಡ ವ್ಯವಸ್ಥೆ. ಇಂಗ್ಲೆಂಡಿನ ಬ್ಯೂಲಿ ಎಂಬ ಹಳ್ಳಿಯಲ್ಲಿ 1967ರಿಂದ ಹಳೆ ಕಾರಿನ ಬಿಡಿಭಾಗಗಳ ಜಾತ್ರೆಯೇ ನಡೆಯುತ್ತದೆ, 'ಆಟೋಜಂಬಲ್' ಎಂದು ಅದರ ಹೆಸರು. ಜಪಾನಿನಲ್ಲಿ ಅಪ್ ಗ್ಯಾರೇಜ್ ಎಂಬ ಅಂಗಡಿಗಳ ಸರಣಿಯೇ ಇದೆ. ನೀವು ಬಿಚ್ಚಿದ್ದನ್ನು ಅವರು ಕೊಂಡು, ಬೆಲೆಚೀಟಿ ಅಂಟಿಸಿ, ಸಾಲಾಗಿ ಜೋಡಿಸಿ ಮಾರುತ್ತಾರೆ. ನಮ್ಮಲ್ಲಿ ಗ್ಯಾರಂಟಿಯೂ ಇಲ್ಲ, ಬಿಲ್ಲೂ ಇಲ್ಲ. ಮಾರುವವನ ಬಾಯಿ ಮಾತೇ ಎಲ್ಲ.

ಆ ಬಾಯಿ ಮಾತಿನ ವಿಷಯಕ್ಕೆ ಬರುತ್ತೇನೆ.

2023ರ ಮಳೆಗಾಲದಲ್ಲಿ ಹೆದ್ದಾರಿಯ ನೀರು ತುಂಬಿದ ಹೊಂಡಕ್ಕೆ ನನ್ನ ಎಡ ಮುಂಚಕ್ರ ಬಿತ್ತು. ಅಲಾಯ್ ಬಾಗಿ, ಒಳಗಿನ ಅಂಚಿನಲ್ಲಿ ಕಿರುಬೆರಳಷ್ಟು ಉದ್ದದ ಬಿರುಕು. 900 ರೂಪಾಯಿ ಕೊಟ್ಟು ವೆಲ್ಡಿಂಗ್ ಮಾಡಿಸಿ, ಉಜ್ಜಿ, ಬೆಳ್ಳಿ ಬಣ್ಣ ಹೊಡೆಸಿದೆ. ಗುರುತಿಗೆ ಒಳಬದಿಯಲ್ಲಿ ನೀಲಿ ಬಣ್ಣದ ಒಂದು ಚುಕ್ಕಿ ಇಟ್ಟಿದ್ದೆ. ಆಮೇಲೆ 14 ತಿಂಗಳು ಅದರ ಮೇಲೆಯೇ ಓಡಾಡಿದೆ. ಏನೂ ಆಗಲಿಲ್ಲ. 'ಏನೂ ಆಗಲಿಲ್ಲ' ಎಂಬುದು ಎಷ್ಟು ಅನುಕೂಲದ ಮಾತು ನೋಡಿ!

ನಾನು ಕೆಪಿಟಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವ. ಅಲಾಯ್ ಚಕ್ರಕ್ಕೆ ಬಲ ಬರುವುದು ಅದನ್ನು ಕಾಯಿಸಿ, ತಣಿಸಿ, ಹದ ಮಾಡುವುದರಿಂದ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ವೆಲ್ಡಿಂಗ್ ಬೆಂಕಿ ತಾಗಿದಲ್ಲಿ ಆ ಹದ ಕೆಡುತ್ತದೆ. ಬೆಸೆದ ಗೆರೆ ಗಟ್ಟಿಯಾಗಿದ್ದರೂ ಅದರ ಪಕ್ಕದ ಲೋಹ ಮೆತ್ತಗಾಗಿರುತ್ತದೆ, ಮುಂದಿನ ಬಿರುಕು ಹುಟ್ಟುವುದೇ ಅಲ್ಲಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಚಕ್ರಗಳ ಫೋಟೊವನ್ನು ಹೊರಬದಿಯಿಂದ ಮಾತ್ರ ತೆಗೆದೆ.

ಸುರತ್ಕಲ್ ಕಡೆಯ ಒಬ್ಬ ಹುಡುಗ ಬಂದ. ಡಿಗ್ರಿ ಕೊನೆಯ ವರ್ಷ. ಮನೆಯಲ್ಲಿ ಹಳೆಯ ಸ್ವಿಫ್ಟ್. ಚಕ್ರದ ಬೋಲ್ಟುಗಳ ಅಳತೆ ಎಸ್ಟೀಮ್‌ಗೂ ಅದಕ್ಕೂ ಒಂದೇ, ನಾಲ್ಕು ಬೋಲ್ಟು, 100 ಮಿಲಿಮೀಟರ್. ಅವನು ಅಪ್ಪನನ್ನು ಕರೆದುಕೊಂಡು ಬಂದಿದ್ದ. ಹುಡುಗ ಚಕ್ರದ ಹೊಳಪು ನೋಡುತ್ತಿದ್ದರೆ, ಅಪ್ಪ ನನ್ನ ಮುಖ ನೋಡುತ್ತಿದ್ದರು.

'ಎಂತ ಪ್ರಾಬ್ಲಂ ಇಲ್ಲ ಅಲ್ವಾ?'

'ಇಲ್ಲ ಅಂಕಲ್. ಸಣ್ಣ ಗೀರು ಉಂಟು, ಅಷ್ಟೇ.'

'ನೀನು ಮೆಕ್ಯಾನಿಕಲ್ ಕಲಿತವ ಅಂತ ಇವ ಹೇಳಿದ. ನಿಂಗೆ ಗೊತ್ತಿರ್ತದೆ. ನಂಗೆ ಇದೆಲ್ಲ ಗೊತ್ತಾಗುದಿಲ್ಲ.'

ಟೈರ್ ಸಹಿತ ನಾಲ್ಕಕ್ಕೆ 18,000. ಚೌಕಾಸಿಯನ್ನೂ ಹೆಚ್ಚು ಮಾಡಲಿಲ್ಲ. ಮರುದಿನವೇ ಅದರಲ್ಲಿ 11 ಸಾವಿರ ವಿಮೆಗೆ ಮತ್ತು ಮನೆಯ ಬಾಡಿಗೆಗೆ ಹೋಯಿತು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಚಂದ ಕಾಣುತ್ತದೆ. ಆದರೆ ಚೆನ್ನಾಗಿಯೇ ನಿದ್ದೆ ಬಂತು.

ಬೆವರಿದ್ದು ಮೂರನೇ ದಿನ, ಭಾನುವಾರ. ಆ ಹುಡುಗನ ಸ್ಟೇಟಸ್‌ನಲ್ಲಿ ಒಂದು ಫೋಟೊ. ಚಾರ್ಮಾಡಿ ಘಾಟಿ, ಸುತ್ತ ಮಂಜು, ಒದ್ದೆ ರಸ್ತೆ, ಸ್ವಿಫ್ಟ್‌ಗೆ ನನ್ನ ಚಕ್ರಗಳು. ಕಾರಿನ ಪಕ್ಕ ಅವನ ಜೊತೆ ಮೂವರು ಗೆಳೆಯರು. ಕೆಳಗೆ 'ಹೊಸ ಶೂಸ್' ಎಂದು ಬರೆದುಕೊಂಡಿದ್ದ. ಎಡ ಮುಂಚಕ್ರ ಕ್ಯಾಮೆರಾದ ಕಡೆಗೇ ಇತ್ತು. ಅದು ನೀಲಿ ಚುಕ್ಕಿಯದ್ದೋ ಅಲ್ಲವೋ ಹೇಗೆ ಗೊತ್ತಾಗಬೇಕು? ಚುಕ್ಕಿ ಇರುವುದು ಒಳಬದಿಯಲ್ಲಲ್ಲವಾ.

ಫೋನ್ ಮಾಡಿದೆ. ನೆಟ್‌ವರ್ಕ್ ಇಲ್ಲ. ಮತ್ತೆ ಮಾಡಿದೆ. ಘಾಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ಗೊತ್ತಿದ್ದೂ ಹತ್ತು ನಿಮಿಷಕ್ಕೊಮ್ಮೆ ಮಾಡುತ್ತಲೇ ಇದ್ದೆ. 'ನಿಧಾನಕ್ಕೆ ಬನ್ನಿ, ಚಕ್ರದ ವಿಷಯ ಮಾತಾಡ್ಬೇಕು' ಎಂದು ಮೆಸೇಜ್ ಹಾಕಿದೆ. ಒಂದೇ ಟಿಕ್. ಮಧ್ಯಾಹ್ನದ ಊಟಕ್ಕೆ ಅಮ್ಮ ಬಂಗುಡೆ ಗಸಿ ಮಾಡಿದ್ದರು, ಬಾಯಿಗೆ ಇಳಿಯಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂಚಕ್ರಕ್ಕೆ ಬರುತ್ತದೆ, ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಇನ್ನೂ ಹೆಚ್ಚು. ಕಲಿತದ್ದೆಲ್ಲ ಆ ಮಧ್ಯಾಹ್ನ ಒಂದೊಂದಾಗಿ ನೆನಪಿಗೆ ಬಂತು.

ರಾತ್ರಿ ಎಂಟಕ್ಕೆ ಅವನೇ ಕರೆ ಮಾಡಿದ. 'ಎಂತ ಅಣ್ಣ, ಇಪ್ಪತ್ತೆರಡು ಮಿಸ್ ಕಾಲ್?' ಹೇಳಿದೆ. ಆ ಕಡೆ ಮೌನ. ಆಮೇಲೆ 'ಅಪ್ಪನಿಗೆ ಕೊಡ್ತೇನೆ' ಎಂದ. ಅವರಿಗೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

'ಅವತ್ತು ನಿಂಗೆ ಗೊತ್ತಿತ್ತಾ?'

'ಗೊತ್ತಿತ್ತು ಅಂಕಲ್.'

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಜೊತೆಗೆ ವೆಲ್ಡಿಂಗ್ ತಪಾಸಣೆಯ ಕೆಲಸದಲ್ಲಿರುವ ಗೆಳೆಯ, ಅವನ ಕೈಯಲ್ಲಿ ಮೂರು ಸ್ಪ್ರೇ ಡಬ್ಬ. ಇದಕ್ಕೆ ಡೈ ಪೆನಿಟ್ರೆಂಟ್ ಪರೀಕ್ಷೆ ಎನ್ನುತ್ತಾರೆ. ಮೊದಲು ಚಕ್ರದ ಬಣ್ಣ ಕೆರೆದು ಶುಚಿ ಮಾಡಬೇಕು. ಕೆಂಪು ದ್ರವ ಸಿಂಪಡಿಸಿ ಹತ್ತು ನಿಮಿಷ ಬಿಡಬೇಕು, ಬಿರುಕಿದ್ದರೆ ಅದು ಒಳಗೆ ಇಳಿಯುತ್ತದೆ. ಮೇಲಿನದ್ದನ್ನು ಬಟ್ಟೆಯಿಂದ ಒರೆಸಿ, ಕೊನೆಗೆ ಬಿಳಿ ಪುಡಿಯಂಥದ್ದನ್ನು ಸಿಂಪಡಿಸಬೇಕು. ಅವರ ಜಗಲಿಯಲ್ಲಿ ನಾವು ನಾಲ್ವರೂ ಕುಕ್ಕರಗಾಲಿನಲ್ಲಿ ಕೂತು ಕಾದೆವು. ಬಿಳಿಯ ಮೇಲೆ ನಿಧಾನಕ್ಕೆ ಒಂದು ಕೆಂಪು ಗೆರೆ ಮೂಡಿತು. ವೆಲ್ಡಿಂಗ್ ಮೇಲಲ್ಲ, ಅದರ ಪಕ್ಕದಲ್ಲಿ. ಎರಡು ಸೆಂಟಿಮೀಟರ್ ಇರಬಹುದು. ಕೂದಲಿನಷ್ಟು ಸಣ್ಣ.

ಅವರು ಬೈಯಲಿಲ್ಲ. ಗೆರೆಯನ್ನು ಸ್ವಲ್ಪ ಹೊತ್ತು ನೋಡಿ ಎದ್ದು ಒಳಗೆ ಹೋದರು. ನಮ್ಮ ಕಡೆ ಯಾರೇ ಮನೆಗೆ ಬಂದರೂ ಮೊದಲು ನೀರು ಬೇಕಾ ಎಂದು ಕೇಳುತ್ತಾರೆ, ಶತ್ರು ಬಂದರೂ ಕೇಳುತ್ತಾರೆ. ಅಂದು ಕೇಳಲಿಲ್ಲ. ನಾಲ್ಕೂ ಚಕ್ರ ವಾಪಸು ತೆಗೆದುಕೊಂಡೆ. ಕೈಯಲ್ಲಿ ಉಳಿದಿದ್ದ 7,000 ಕೊಟ್ಟೆ. ಉಳಿದ 11 ಸಾವಿರಕ್ಕೆ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದೆ. ಮೂರು ಕಂತಿನಲ್ಲಿ ತೀರಿಸಿದೆ. ಹುಡುಗ ಈಗ ಎಲ್ಲಿಯಾದರೂ ಎದುರಾದರೆ ತಲೆಯಾಡಿಸುತ್ತಾನೆ, ಮಾತಾಡುವುದಿಲ್ಲ.

ಉಳಿದ ಮೂರು ಚಕ್ರಗಳಿಗೂ ಅದೇ ಪರೀಕ್ಷೆ ಮಾಡಿಸಿದೆ. ಅವು ಸರಿ ಇದ್ದವು. ಮೂರು ಚಕ್ರ ಯಾರಿಗೆ ಬೇಕು ಎಂದುಕೊಂಡಿದ್ದೆ. ಆದರೆ ಅದೇ ಮಾದರಿಯ ಒಂದು ಚಕ್ರ ಮುರಿದುಕೊಂಡು ಜೋಡಿಗಾಗಿ ಹುಡುಕುವವರು ಇರುತ್ತಾರೆ. ಪುತ್ತೂರಿಗೆ ಎರಡು, ಬಸ್ಸಿನ ಪಾರ್ಸೆಲ್‌ನಲ್ಲಿ ಬೆಂಗಳೂರಿಗೆ ಒಂದು, ತಲಾ 3,000ಕ್ಕೆ ಹೋದವು. ಒಳಬದಿಯ ಫೋಟೊ ಮೊದಲು ಕಳಿಸಿದೆ, ಹೊರಬದಿಯದ್ದು ಆಮೇಲೆ. ನೀಲಿ ಚುಕ್ಕಿಯದ್ದನ್ನು ಕಾಕನ ಗ್ಯಾರೇಜಿನಲ್ಲಿ ಗ್ರೈಂಡರ್ ಹಿಡಿದು ಎರಡು ತುಂಡು ಮಾಡಿ ಗುಜರಿಗೆ ಒಯ್ದೆ. 'ಇಡೀ ತಂದಿದ್ರೆ ಹೆಚ್ಚು ಕೊಡ್ತಿದ್ದೆ, ಯಾಕೆ ಕೊಯ್ದದ್ದು?' ಎಂದು ಅಂಗಡಿಯವರು ಕೇಳಿದರು. ಇಡೀ ಕೊಟ್ಟರೆ ಅದು ಮತ್ತೆ ಬಣ್ಣ ಬಳಿದುಕೊಂಡು ಯಾರದೋ ಕಾರಿಗೆ ಹೋಗುತ್ತದೆ, ಅದಕ್ಕೇ ಎಂದೆ. ಆರೂವರೆ ಕಿಲೋ, ಕಿಲೋಗೆ 140ರಂತೆ 910 ರೂಪಾಯಿ. ವೆಲ್ಡಿಂಗಿಗೆ ಕೊಟ್ಟದ್ದಕ್ಕಿಂತ ಹತ್ತು ರೂಪಾಯಿ ಜಾಸ್ತಿ.

ಬಕೆಟ್ ಸೀಟು 5,000ಕ್ಕೆ ಹೋಯಿತು. ಬೆಲ್ಟನ್ನು ಮಾರಲಿಲ್ಲ. ರೇಸಿನ ಬೆಲ್ಟುಗಳ ಮೇಲೆ ಎಫ್‌ಐಎ ಲೇಬಲ್ ಇರುತ್ತದೆ, ಯಾವ ವರ್ಷದ ನಂತರ ಬಳಸಬಾರದು ಎಂದು ಅದರಲ್ಲೇ ಬರೆದಿರುತ್ತದೆ. ನನ್ನದರ ವರ್ಷ ದಾಟಿಹೋಗಿತ್ತು. ಒಬ್ಬ ಮೂರು ಸಾವಿರಕ್ಕೆ ಕೇಳಿದ, 'ಚಂದಕ್ಕೆ ಅಣ್ಣ, ಸುಮ್ಮನೆ ಚಂದಕ್ಕೆ' ಎಂದ. ಬೆಲ್ಟು ಚಂದಕ್ಕೆ ಹಾಕಿಕೊಳ್ಳುವ ವಸ್ತುವಾ? ಒಂದು ವಾರ ಮೊದಲು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ. ಈಗ ಅಮ್ಮ ಅದರಲ್ಲಿ ಹಿತ್ತಿಲ ಬಾಳೆಗೊನೆ ಬಾಗದಂತೆ ಕಟ್ಟಿದ್ದಾರೆ.

ಎಲ್ಲ ಸೇರಿ ಕೈಗೆ ಬಂದದ್ದು 44,310 ರೂಪಾಯಿ. ಅಕ್ಟೋಬರ್ ಮೊದಲ ವಾರ ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದೆ. ಹದಿಮೂರು ಇಂಚಿನ ಸ್ಟೀಲ್ ಡಿಸ್ಕು, ಮೆತ್ತಗಿನ ಸೀಟು, ಶಬ್ದವೇ ಇಲ್ಲದ ಸೈಲೆನ್ಸರ್. ಚಾಸಿ ನಂಬರ್ ತಾಳೆ ನೋಡಿದರು, ದೀಪ, ಬ್ರೇಕು ನೋಡಿದರು. 'ಗಾಡಿ ಚೆನ್ನಾಗಿ ಇಟ್ಟಿದ್ದೀರಿ, ಏನೂ ಮುಟ್ಟಿಲ್ಲ' ಎಂದರು. ನಾನು ಏನು ಹೇಳಲಿ?

ನವೆಂಬರ್‌ನಲ್ಲಿ ಒಂದು ಸಂದರ್ಶನಕ್ಕೆ ಹೋದಾಗ, ಕೆಲಸವಿಲ್ಲದ ಮೂರು ತಿಂಗಳು ಏನು ಮಾಡಿದಿರಿ ಎಂದು ಕೇಳಿದರು. ಇದನ್ನೆಲ್ಲ ಹೇಳಿದೆ, ಕೆಂಪು ಗೆರೆಯ ಕತೆಯನ್ನೂ ಬಿಡದೆ. ಆಸಕ್ತಿಯಿಂದ ಕೇಳಿದರು. ಕೆಲಸ ಕೊಡಲಿಲ್ಲ. ಜನವರಿಯಲ್ಲಿ ಬೇರೆ ಕಡೆ ಸಿಕ್ಕಿತು, ಕಾರುಗಳ ಸರ್ವಿಸ್ ಸೆಂಟರಿನ ಬಿಡಿಭಾಗದ ಕೌಂಟರ್. ಇಲ್ಲಿ ಎಲ್ಲಕ್ಕೂ ಬಿಲ್ಲು, ಎಲ್ಲಕ್ಕೂ ಪಾರ್ಟ್ ನಂಬರ್. ಆದರೂ ದಿನಕ್ಕೆ ಹತ್ತು ಜನ ಎಂಆರ್‌ಪಿ ಚೀಟಿ ಓದಿದ ಮೇಲೂ 'ಲಾಸ್ಟ್ ಎಷ್ಟು?' ಎಂದು ಕೇಳುತ್ತಾರೆ.

ಅಂದ ಹಾಗೆ, ಸ್ಟೀರಿಂಗ್ 2,500ಕ್ಕೆ, ಸ್ಟ್ರಟ್ ಬಾರ್ 2,200ಕ್ಕೆ ಹೋದವು. ಹನ್ನೊಂದೂವರೆಯ ಹುಡುಗನೇ ಬಂದು ಒಯ್ದ. ಸ್ಟೀರಿಂಗ್ ಜೋಡಿಸುವ ಬಾಸ್ ಕಿಟ್ ಮಾತ್ರ ಇನ್ನೂ ಮನೆಯಲ್ಲೇ ಉಂಟು. ಎಸ್ಟೀಮ್‌ನದ್ದು. ಏರ್‌ಬ್ಯಾಗ್ ಇರುವ ಕಾರಿನವರು ಕೇಳಬೇಡಿ, ಕೊಡುವುದಿಲ್ಲ. ಎಡಗಡೆ ಒಂದು ಸ್ಕ್ರೂವಿನ ಮರೆ ಸವೆದಿದೆ, ಫೋಟೊ ಕಳಿಸುತ್ತೇನೆ. ಲಾಸ್ಟ್ 900.